ಮೊಲದ ಕಿವಿಯಲ್ಲಿ ಹೇಳಿದ್ದು

ಪ್ರಾಣಿಪ್ರಯೋಗಗಳ ಪರಿಶೀಲನೆಗೆ ಬಂದ ಸಮಿತಿಯ ಮೂವರ ಕಣ್ಣೆದುರೇ ಮೊಲ ಲ್ಯಾಬ್ ಮೇಷ್ಟ್ರ ಇಸ್ತ್ರಿ ಕೋಟಿನ ಮೇಲೆ ಉಚ್ಚೆ ಹೊಯ್ದಿತು. ರಕ್ತ ತೆಗೆಯಲೆಂದು ಅವರು ಅದರ ಕಿವಿಗೆ ಸೂಜಿ ಚುಚ್ಚಿದ್ದು ಮೂರು ಸಲ. ಬಂದದ್ದು ಒಂದೇ ಹನಿ ರಕ್ತ, ಅದೂ ಮೇಷ್ಟ್ರ ಹೆಬ್ಬೆರಳಿನದು.

ಪಂಜರ ತೊಳೆಯುವ ಅಕ್ಕ ಪೊರಕೆಯನ್ನು ಗೋಡೆಗೊರಗಿಸಿ ಬಂದಳು. ಮೊಲವನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಕಿವಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಅದರೊಳಗೆ ಏನೋ ಪಿಸುಗುಟ್ಟಿದಳು. ಇಪ್ಪತ್ತು ವರ್ಷ ನೋಡಿ ನೋಡಿಯೇ ಕಲಿತ ಕೈ. ಅವಳು ಚುಚ್ಚಿದ ಒಂದೇ ಸಲಕ್ಕೆ ರಕ್ತ ಬಂತು. ಮೊಲ ಮೀಸೆ ಕೂಡ ಅಲುಗಿಸಲಿಲ್ಲ.

ಮೇಷ್ಟ್ರ ಹೊಟ್ಟೆಗೆ ಕಿಚ್ಚು ಬಿದ್ದದ್ದು ಆಗಲೇ ಎಂದರೆ ಸುಳ್ಳಾದೀತು. ಅವರು ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಿಂದ ಅದು ಉರಿಯುತ್ತಲೇ ಇತ್ತು. ಈಗ ಎಣ್ಣೆ ಬಿತ್ತು, ಅಷ್ಟೆ. ಎರಡು ಪದವಿ ಪಡೆದ ಅವರು ಬಾಗಿಲು ತೆರೆದರೆ ಮೊಲಗಳೆಲ್ಲ ಮೂಲೆ ಸೇರುತ್ತಿದ್ದವು. ಅಕ್ಕನ ಚಪ್ಪಲಿ ಸದ್ದಿಗೇ ಕಂಬಿಗೆ ಮೂಗು ಒತ್ತುತ್ತಿದ್ದವು. ಪ್ರಾಣಿಮನೆಯ ಉಸ್ತುವಾರಿ ಹುದ್ದೆ ಬೇರೆ ಖಾಲಿಯಾಗಿತ್ತು. ಆ ಕುರ್ಚಿಗೆಂದು ಮೇಷ್ಟ್ರು ಮೆತ್ತನೆಯ ದಿಂಬನ್ನೂ ಕೊಂಡಿಟ್ಟಿದ್ದರು.

ಸಮಿತಿಯ ಹಿರಿಯ ಹೆಂಗಸು ಮೇಷ್ಟ್ರ ಪ್ರಯೋಗದ ಅರ್ಜಿ ತಿರುವಿಹಾಕಿ, ಆರು ಮೊಲ ಸಾಲುವ ಪ್ರಯೋಗಕ್ಕೆ ಹನ್ನೆರಡೇಕೆ ಎಂದು ಕೇಳಿದರು. ಅರ್ಧದಷ್ಟು ಮೊಲ ಗಾಬರಿಯಲ್ಲೇ ಕೆಟ್ಟುಹೋಗುತ್ತವೆ ಎಂದರು ಮೇಷ್ಟ್ರು.

"ಮೊಲ ಕೆಡಲ್ಲಮ್ಮ, ಹಿಡಿಯೋ ಕೈ ಕೆಟ್ಟಿರತ್ತೆ," ಎಂದಳು ಅಕ್ಕ. "ಆರು ಸಾಕು. ಉಳಿದವಕ್ಕೆ ಯಾಕೆ ಸುಮ್ನೆ ನೋವು?"

ಮನೆಯಲ್ಲಿ ಕೋಟು ನೆನೆಹಾಕುತ್ತಾ ಮೇಷ್ಟ್ರ ಹೆಂಡತಿ, "ನನ್ನ ಕೈ ಹಿಡಿದೋರಿಗೆ ಒಂದು ಮೊಲ ಹಿಡಿಯೋಕೆ ಬರಲ್ವಾ?" ಎಂದಳು.

ಮಾರನೆಯ ದಿನದಿಂದ ಅವರು ಗುಟ್ಟಾಗಿ ಅಭ್ಯಾಸಕ್ಕಿಳಿದರು. ಅಕ್ಕನ ಸೋಪಿನಲ್ಲೇ ಕೈ ತೊಳೆದರು, ಅವಳ ಟವೆಲನ್ನೇ ಕದ್ದರು, ಕಿವಿಯನ್ನೂ ಬೆಚ್ಚಗೆ ಮಾಡಿದರು. ಪಿಸುಗುಟ್ಟುವುದೇನು ಎಂದು ಮಾತ್ರ ತಿಳಿಯದೆ, "ಏನೂ ನೋವಾಗಲ್ಲ ಮರಿ" ಎಂದರು. ಮೊಲ ಮೊಣಕೈವರೆಗೂ ಪರಚಿತು.

ವಾರದ ಮೇಲೆ ಸಮಿತಿಯ ಪತ್ರ ಬಂತು. ಮಂಜೂರಾದದ್ದು ಆರೇ ಮೊಲ. ಸೂಜಿ ಅಕ್ಕನ ಕೈಯಲ್ಲೇ ಇರಬೇಕು. ಉಸ್ತುವಾರಿಗೂ ಅವಳದೇ ಹೆಸರು.

ಮೇಷ್ಟ್ರು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಪ್ರಾಣಿಮನೆಗೆ ಹೋದರು. ಅದನ್ನು ಅವಳ ಕುರ್ಚಿಯ ಮೇಲಿಟ್ಟು, ಮಾನ ಬಿಟ್ಟು ಕೇಳಿದರು:

"ಅಕ್ಕ, ಅದರ ಕಿವೀಲಿ ಅದೇನು ಹೇಳ್ತೀರಿ?"

ಅಕ್ಕ ದಿಂಬನ್ನು ಒಮ್ಮೆ ಒತ್ತಿ ನೋಡಿದಳು.

"ನೋವಾಗತ್ತೆ ಅಂತೀನಿ ಸರ್. ಆದ್ರೆ ಇವತ್ತು ಚುಚ್ಚೋರು ನೀವಲ್ಲ ಅಂತೀನಿ."