ಅಣ್ಣನ ಕಿಡ್ನಿ ಕಾಯುವ ಬುರುಲ್ಕಾನ್

ಬೆಳಗಿನ ಜಾವ. ಬಿಷ್ಕೆಕ್‌ನ ಸಂಶೋಧನಾಲಯದ ಬಾಗಿಲಲ್ಲೇ ನನಗೆ ತಡೆ. "ನಿನ್ನೆ ಕುಮಿಸ್ ಕುಡಿದ್ರಾ?"

ಜೂನ್ ತಿಂಗಳಲ್ಲಿ ಹುಳಿ ಬಂದ ಕುದುರೆ ಹಾಲು ಕುಡಿಯದವರು ಯಾರು? ಹೌದೆನ್ನುತ್ತೇನೆ.

"ಹಾಗಾದ್ರೆ ಆಚೆ ನಿಂತ್ಕೊಂಡೇ ನೋಡಿ. ಅದರ ಹುದುಗು ಒಂಚೂರು ಒಳಗೆ ಬಂದ್ರೂ ನನ್ನ ಕಥೆ ಮುಗೀತು!"

ಪತ್ರಿಕೆಗಾಗಿ ನನ್ನ ಜೊತೆ ಮಾತಾಡಲು ಒಪ್ಪಿದವರೂ ಇಲ್ಲಿನ ಸಹಾಯಕಿ ಬುರುಲ್ಕಾನ್, ಹೊರಗೆ ನಿಲ್ಲಿಸಿದವರೂ ಅವರೇ. ಎಂಥಾ ಕರ್ಮ! ಗಾಜಿಗೆ ಮೂಗೊತ್ತಿ ನೋಡುತ್ತೇನೆ. ಪುಟ್ಟ ತಟ್ಟೆಯಿಂದ ಹಳೆಯ ದ್ರವ ಹೀರಿ ತೆಗೆದು ಹೊಸದನ್ನು ಹನಿಸುತ್ತಾರೆ. ಜೀವಕೋಶಗಳಿಗೆ ಉಣಿಸುವುದು ಅವರ ಕೆಲಸ, ಭಾನುವಾರವಿಲ್ಲ, ಹಬ್ಬವಿಲ್ಲ. ಪತ್ರಿಕೆಯಲ್ಲಿ ಫೋಟೊ ಬರುವುದು ಮಾತ್ರ ವಿಜ್ಞಾನಿಗಳದ್ದು.

ತಟ್ಟೆಯಲ್ಲಿ ಕಿಡ್ನಿಯ ಕೋಶಗಳಿವೆ, ಪಕ್ಕದಲ್ಲೇ ಮುದಿಯಾದ ರಕ್ತನಾಳದ ಕೋಶಗಳಿವೆ. "ಈ ಮುದಿಯವು ಸಾಯಲ್ಲ, ಕೆಲಸಾನೂ ಮಾಡಲ್ಲ. ಸುಮ್ನೆ ಇರ್ತಾವಾ? ಅದೂ ಇಲ್ಲ! ಉರಿಯೂತದ ಸುದ್ದಿ ಹಬ್ಬಿಸ್ತಾ ಕೂರ್ತಾವೆ. ಅದನ್ನ ಕೇಳ್ಕೊಂಡು ಅಕ್ಕಪಕ್ಕದ ಎಳೇವೂ ಮುದಿಯಾಗ್ತಾವೆ. ರಕ್ತನಾಳ ಪೆಡಸಾಗುತ್ತೆ, ಕಿಡ್ನಿ ಸೊರಗುತ್ತೆ. ಅವುಗಳ ಬಾಯಿ ಮುಚ್ಚಿಸೋಕಾಗುತ್ತಾ ಅಂತ ನೋಡ್ತಿದೀವಿ."

ಕಿಡ್ನಿ ಅವರ ಅಣ್ಣ ಸಗಿನ್‌ರದು. ಗಡ್ಡೆಯಾಗಿ ಒಂದನ್ನು ತೆಗೆದರು, ಅದರ ಗಡ್ಡೆಯಿಲ್ಲದ ಭಾಗದ ಕೋಶಗಳೇ ಇವು; ಉಳಿದದ್ದೂ ಕೈಕೊಡುತ್ತಿದೆ. ಕಳೆದ ತಿಂಗಳು ಬುರುಲ್ಕಾನ್ ಬೆಟ್ಟದ ಮೇಲಿನ ಅಣ್ಣನ ಡೇರೆಗೆ ಹೋಗಿದ್ದರು. ಒಳಗೆ ಕಾಲಿಟ್ಟವರು ಕುಮಿಸ್ ಕಡೆಯಲೇಬೇಕೆಂಬುದು ಅಲ್ಲಿಯ ಪದ್ಧತಿ, ಕಡೆದರು. ಎಷ್ಟು ತಿಕ್ಕಿ ಕೈ ತೊಳೆದು ಬಂದರೂ ತಲೆವಸ್ತ್ರಕ್ಕೆ ಅಂಟಿದ್ದ ಹುದುಗು ಕೋಶಗಳನ್ನೆಲ್ಲ ನುಂಗಿತು. ಉಳಿದದ್ದು ಈ ಒಂದೇ ತಟ್ಟೆ. ಇದೂ ಹೋದರೆ ಆ ಕಿಡ್ನಿಯದು ಇನ್ನೇನೂ ಇಲ್ಲ.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಪ್ರಯೋಗ ಮುಗಿಯುವವರೆಗೆ ಬೆಟ್ಟ ಹತ್ತುವುದಿಲ್ಲವಂತೆ. ಅಣ್ಣನಿಗೆ ಅದೇ ಸಿಟ್ಟು.

ಕೆಲಸ ಮುಗಿಸಿ ಹೊರಬರುವಷ್ಟರಲ್ಲಿ ಸಗಿನ್‌ರ ಫೋನು. ಅವರ ದೊಡ್ಡ ದನಿ ನನಗೂ ಕೇಳಿಸುತ್ತದೆ. "ನನ್ನ ಕಿಡ್ನಿ ನೋಡೋಕೆ ಪುರುಸೊತ್ತಿದೆ, ನನ್ನ ನೋಡೋಕಿಲ್ಲ ಅಲ್ವೇನೇ?"

"ಶುರು ಮಾಡ್ದ ನೋಡಿ!"

"ಅದ್ರಿಂದ ನಂಗೆ ವಾಸಿಯಾಗುತ್ತಾ? ಅದನ್ನಾದ್ರೂ ಹೇಳು."

ಬುರುಲ್ಕಾನ್‌ರ ಸಿಡುಕು ಅಲ್ಲಿಗೇ ನಿಲ್ಲುತ್ತದೆ. "ನಿಂಗಿಲ್ಲ ಕಣಣ್ಣ. ಅಷ್ಟು ಬೇಗ ಆಗೋದಲ್ಲ ಇದು. ನಿನ್ನ ಮೊಮ್ಮಕ್ಕಳ ಕಾಲಕ್ಕೆ ಆದ್ರೆ ಆಯ್ತು."

ಅತ್ತ ಕಡೆಯಿಂದ ಕುದುರೆಯೊಂದು ಕೆನೆಯುವುದು ಕೇಳಿಸುತ್ತದೆ.

"ಹಾಗಾದ್ರೆ ಬರ್ಬೇಡ ಬಿಡು," ಎನ್ನುತ್ತಾರೆ ಸಗಿನ್. "ಅಲ್ಲೇ ಇರು, ಮೊಮ್ಮಕ್ಕಳಿಗಾದ್ರೂ ಆಗ್ಲಿ."

"ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ!" ಎಂದು ಗದರಿ ಫೋನಿಟ್ಟು, ಬುರುಲ್ಕಾನ್ ಗೋಡೆಯ ಕಡೆ ತಿರುಗಿ ಅಳುತ್ತಾರೆ.