ಆರು ಬೀಡಿಯ ಹಾಡು

ಕುಣಿಯುವ ಹಾಡುಗಳನ್ನು ನಾನು ಐದಾರು ವರ್ಷ ಪ್ರತಿ ಶನಿವಾರ ಕೇಳಿದ್ದೇನೆ. ಒಂದು ದಿನವೂ ಕುಣಿದವಳಲ್ಲ. ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಪುಡಿ. ಕಾಲು ಅಲ್ಲಾಡಿಸಿದರೆ ಪುಡಿ ನೆಲಕ್ಕೆ.

ಬೀಡಿ ಕಟ್ಟಲು ಕಲಿತದ್ದು ಕಾರ್ಕಳದ ತಾಯಿಮನೆಯಲ್ಲಿ, ಮೂರನೇ ಕ್ಲಾಸು ಬಿಡಿಸಿದ ಮರುದಿನದಿಂದ. ಮದುವೆಯಾಗಿ ಕಾಪುವಿಗೆ ಬಂದ ಮೇಲೂ ಅದೇ ಕೆಲಸ. ಎಂಬತ್ತನೇ ಇಸವಿಯ ಆಚೀಚೆ ನಮ್ಮ ಚಾವಡಿಯಲ್ಲಿ ನಾಲ್ಕು ಮಂದಿ ಕೂತುಕೊಳ್ಳುತ್ತಿದ್ದೆವು. ನಾನು, ನನ್ನ ಓರಗಿತ್ತಿ, ಪಕ್ಕದ ಬ್ಯಾರಿ ಮುಸ್ಲಿಮರ ಮನೆಯ ಹೆಂಗಸು, ಮತ್ತೆ ಇಗರ್ಜಿ ದಾರಿಯ ಒಬ್ಬಳು ಕ್ರಿಶ್ಚಿಯನ್ ಬಾಯಮ್ಮ. ರೇಡಿಯೋ ಬ್ಯಾರಿ ಹೆಂಗಸಿನದು, ಅವಳ ತಮ್ಮ ಗಲ್ಫಿನಿಂದ ತಂದದ್ದು. ಅದಕ್ಕೆ ಹೂವಿನ ಬಟ್ಟೆಯ ಅಂಗಿ ಹೊಲಿಸಿದ್ದಳು. ಗುಂಡಿ ತಿರುಗಿಸುವ ಅಧಿಕಾರ ಅವಳಿಗೆ ಮಾತ್ರ.

ಶನಿವಾರ ಮಧ್ಯಾಹ್ನ ಅರ್ಧ ಗಂಟೆ ರೇಡಿಯೋದಲ್ಲಿ ಒಬ್ಬ ಬರುತ್ತಿದ್ದ. "ಬನ್ನಿ, ಇವತ್ತು ಕಾಲಿಗೆ ಸ್ವಲ್ಪ ಕೆಲಸ" ಎಂದು ಶುರು ಮಾಡುತ್ತಿದ್ದ. ಈಗ ಮದುವೆ ಹಾಲಿನಲ್ಲಿ ಡಿಜೆ ಎಂದು ನಿಲ್ಲುತ್ತಾರಲ್ಲ, ಅವರ ಕೆಲಸವೇ ಇವನದೂ. ಆದರೆ ಇವನಿಗೆ ಹಿಂದುಮುಂದು ಇರಲಿಲ್ಲ. ಸಿಲೋನಿನ ಬೈಲಾ ಹಾಡು ಹಾಕಿದರೆ ಅದರ ಬೆನ್ನಿಗೆ ಡೊಳ್ಳು. ಅದು ಮುಗಿಯಿತೋ ಅರಬ್ಬರ ದುಡಿ, ಆಮೇಲೆ ಇಂಗ್ಲಿಷ್ ಡಿಸ್ಕೋ, ಕೊನೆಗೆ ಕ್ರಿಶ್ಚಿಯನ್ ಮದುವೆಯ ಬ್ಯಾಂಡು. ಒಂದೇ ಎಲೆಯಲ್ಲಿ ಮೀನು ಸಾರು, ಪಾಯಸ, ಉಪ್ಪಿನಕಾಯಿ ಎಲ್ಲ ಕಲಸಿದ ಹಾಗೆ.

ಬ್ಯಾಂಡು ಬಂದರೆ ಬಾಯಮ್ಮ, "ಇದು ನನ್ನ ಮದುವೆಯಲ್ಲಿ ಬಾರಿಸಿದ್ದು" ಎನ್ನುತ್ತಿದ್ದಳು. ಯಾವ ಬ್ಯಾಂಡು ಬಂದರೂ ಅದೇ ಮಾತು.

"ನಿನಗೆ ಎಷ್ಟು ಮದುವೆ ಮಾರಾಯ್ತಿ?" ಎಂದು ಓರಗಿತ್ತಿ ಕೇಳುತ್ತಿದ್ದಳು.

"ನಿನ್ನ ಹಾಗೆ ಒಂದೇ. ಆದರೆ ನನ್ನದರಲ್ಲಿ ಬ್ಯಾಂಡು ಇತ್ತು."

ಹಾಡಿನ ಹೆಸರು ನಮಗೆ ಗೊತ್ತಾಗುತ್ತಿರಲಿಲ್ಲ. ಹೆಸರಿನ ಬದಲು ನಮಗೆ ಬೀಡಿ ಇತ್ತು. ಎಲೆ ಹದವಾಗಿ ನೆಂದಿದ್ದರೆ ನನ್ನ ಕೈಗೆ ನಿಮಿಷಕ್ಕೆ ಎರಡು. ಹಾಡು ಮುಗಿಯುವಾಗ ಎಷ್ಟು ಕಟ್ಟಿದೆವೋ ಅದೇ ಹಾಡಿನ ಹೆಸರು. ಆರು ಬೀಡಿಯ ಹಾಡು, ಒಂಬತ್ತು ಬೀಡಿಯ ಹಾಡು. ಜೋರು ಹಾಡಿಗೆ ಕೈ ಓಡುತ್ತದೆ, ಬೀಡಿ ಸಡಿಲಾಗುತ್ತದೆ, ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ನೋಡುವವ ಕಟ್ಟನ್ನು ಆಚೆ ನೂಕುತ್ತಾನೆ. ಅದಕ್ಕೆ ನಾನು ರೇಡಿಯೋದವನಿಗೆ ಒಂದು ಕಾರ್ಡು ಬರೆದಿದ್ದೆ, ಎರಡು ಜೋರು ಹಾಡಿನ ನಡುವೆ ಒಂದು ನಿಧಾನದ್ದು ಹಾಕಿ ಎಂದು. ಅವನು ಅದನ್ನು ರೇಡಿಯೋದಲ್ಲಿ ಓದಿ ಹೇಳಲಿಲ್ಲ. ಆದರೆ ಮರುವಾರದಿಂದ ನಡುವೆ ನಿಧಾನದ್ದು ಬಂತು.

ಒಂದು ಶನಿವಾರ ಕೊನೆಗೆ ಅವನು ಹೇಳಿದ, "ಈ ಕಾರ್ಯಕ್ರಮವನ್ನು ಯಾರೂ ಕೇಳುತ್ತಿಲ್ಲ ಎಂಬ ಅಭಿಪ್ರಾಯ ಉಂಟು. ಕೇಳುವವರು ಪತ್ರ ಬರೆಯಿರಿ. ಇಲ್ಲದಿದ್ದರೆ ಈ ತಿಂಗಳಿಗೆ ಕೊನೆ."

ನಮ್ಮಲ್ಲಿ ಕನ್ನಡ ಬರೆಯಲು ಬರುತ್ತಿದ್ದದ್ದು ನನಗೆ ಒಬ್ಬಳಿಗೆ. ತಲೆಗೆ ಐದರ ಹಾಗೆ ಇಪ್ಪತ್ತು ಕಾರ್ಡು ಬರೆದೆ. ಪ್ರತಿಯೊಬ್ಬಳೂ ಹೇಳಿದ್ದನ್ನು ಹೇಳಿದ ಹಾಗೆ ಬರೆದು, ಅವರವರ ಹೆಸರು, ವಿಳಾಸ ಹಾಕಿ, ಒಂದೇ ಅಂಚೆ ಡಬ್ಬಿಗೆ ಹಾಕಿದೆ. ನಾಲ್ಕು ದಿನ ಬೆರಳು ನೋಯಿತು. ಒಳ್ಳೆಯದಾಯಿತು ಎಂದುಕೊಂಡೆ.

ಹತ್ತು ದಿನ ಬಿಟ್ಟು ಒಂದು ಭಾನುವಾರ ಅವನೇ ಬಂದ. ರೇಡಿಯೋದಲ್ಲಿ ದಪ್ಪ ಸ್ವರ, ಎದುರಿಗೆ ನೋಡಿದರೆ ಒಣಗಿದ ಬಂಗುಡೆಯ ಹಾಗಿದ್ದ. ಮಣಿಪಾಲದಲ್ಲಿ ಟೈಪಿಂಗ್ ಕಲಿಸುವವನಂತೆ. ಕೈಯಲ್ಲಿ ನಮ್ಮ ಕಾರ್ಡುಗಳ ಕಟ್ಟು.

"ಇದನ್ನು ಬರೆದವರು ಯಾರು?"

"ನಾನು."

"ಎಲ್ಲವನ್ನೂ?"

"ಇವರಿಗೆ ಬರೆಯಲಿಕ್ಕೆ ಬರುವುದಿಲ್ಲ. ಮತ್ತೆ ಯಾರು ಬರೆಯಬೇಕಿತ್ತು, ನಿಮ್ಮ ಅಪ್ಪನಾ?"

ಅವನು ಚಾವಡಿಯ ಮೆಟ್ಟಿಲಲ್ಲಿ ಕೂತುಬಿಟ್ಟ. ಬಂದದ್ದು ಈ ಇಪ್ಪತ್ತು ಮಾತ್ರ. ಅಷ್ಟೂ ಒಂದೇ ಕೈಯ ಅಕ್ಷರ. ಅವನೇ ಕೂತು ಬರೆದು ಕೇಳುಗರನ್ನು ಹುಟ್ಟಿಸಿದ್ದಾನೆ ಎಂದು ರೇಡಿಯೋ ಕಚೇರಿಯ ಅಧಿಕಾರಿ ಹೇಳಿದರಂತೆ. ಬುಧವಾರದ ಒಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಶನಿವಾರದ ಅರ್ಧ ಗಂಟೆ ಹೋಯಿತು, ಇನ್ನು ಮುಂದೆ ಆ ಬಾಗಿಲೊಳಗೆ ಅವನಿಗೆ ಕಾಲಿಡಲಿಕ್ಕಿಲ್ಲ.

"ಟೈಪಿಂಗ್ ಹೊಟ್ಟೆಗೆ" ಎಂದ. "ಈ ಅರ್ಧ ಗಂಟೆ ಬಿಟ್ಟರೆ ನನಗೆ ಬೇರೆ ಎಂತದೂ ಇಲ್ಲ ಅಕ್ಕ."

ನಾನು ಉಪಕಾರ ಎಂದು ಮಾಡಿದ್ದು ಅವನ ಕುತ್ತಿಗೆಗೆ ಬಂದಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಅವನು ನಮ್ಮ ಮೊರಗಳನ್ನು ನೋಡುತ್ತಾ ಇದ್ದ. "ನೀವು ಯಾರೂ ಕುಣಿಯುವುದಿಲ್ಲವಾ?" ಎಂದು ಕೇಳಿದ.

"ಮಡಿಲಲ್ಲಿ ಮೊರ ಇಟ್ಟುಕೊಂಡು ನೀವು ಕುಣಿದು ತೋರಿಸಿ, ನೋಡುವ" ಎಂದಳು ಬ್ಯಾರಿ ಹೆಂಗಸು.

ಅವನ ಮುಖ ಸಪ್ಪೆಯಾಯಿತು. ಹಾಡಿಗೆ ಎದ್ದು ಕುಣಿಯುವ ಮನೆಗಳು ಅವನ ತಲೆಯಲ್ಲಿದ್ದವೋ ಏನೋ. ಸಿಕ್ಕಿದ್ದು ಕಾಲು ಮಡಚಿ ಕೂತ ನಾಲ್ಕು ಹೆಂಗಸರು.

ಬರೆದದ್ದು ನಾನೇ ಎಂದು ಹೇಳಲಿಕ್ಕೆ ಬುಧವಾರ ಬೀಡಿ ಬಿಟ್ಟು ಹೊರಟೆ. ಉಡುಪಿಯಲ್ಲಿ ಬಸ್ಸು ಬದಲಿಸಿ ರೇಡಿಯೋ ಕಚೇರಿಗೆ ಹೋದೆ. ಅವನು ಗೇಟಿನಲ್ಲಿ ಕಾಯುತ್ತಿದ್ದ, ಇಸ್ತ್ರಿ ಅಂಗಿ ಹಾಕಿಕೊಂಡು. ಅಧಿಕಾರಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕೂತುಕೊಳ್ಳಿ ಎನ್ನಲಿಲ್ಲ. ನಾನೇ ಕೂತೆ.

"ನೀವು ಬರೆದದ್ದಾ? ಬರೆದು ತೋರಿಸಿ."

ಕಾಗದ ಕೊಟ್ಟರು. ಬರೆದೆ. ನನ್ನ ಒಂದೊಂದು ಅಕ್ಷರ ಅವಲಕ್ಕಿ ಉಂಡೆಯಷ್ಟು ದೊಡ್ಡದು. ಅವರು ಕಾರ್ಡಿನ ಪಕ್ಕ ಇಟ್ಟು ನೋಡಿದರು.

"ಅಕ್ಷರ ನಿಮ್ಮದೇ ಇರಬಹುದು. ಇವನು ಹೇಳಿಕೊಟ್ಟು ಬರೆಸಲಿಲ್ಲ ಎಂದು ಹೇಗೆ ನಂಬುವುದು? ಕಳೆದ ಶನಿವಾರ ಏನೇನು ಹಾಕಿದ್ದ, ಹೇಳಿ."

"ಹೆಸರು ಗೊತ್ತಿಲ್ಲ. ಮೊದಲು ಒಂದು ಆರು ಬೀಡಿಯದ್ದು."

"ಎಂಥದು?"

"ಆರು ಬೀಡಿ. ಅಂದರೆ ಮೂರು ನಿಮಿಷ. ಡೋಲು ಇತ್ತು, ಗಂಡಸರು ಕೂಗುತ್ತಿದ್ದರು."

ಅವರು ನಕ್ಕರು. ಆದರೂ ಜವಾನನಿಂದ ಆ ದಿನದ ಪುಸ್ತಕ ತರಿಸಿದರು. ಯಾವ ಹಾಡು ಎಷ್ಟು ಹೊತ್ತು ಹೋಯಿತು ಎಂದು ಹಾಡು ಹಾಕಿದವನೇ ಅದರಲ್ಲಿ ಬರೆಯಬೇಕಂತೆ. ಬೆರಳಿಟ್ಟು ನೋಡಿದರು. ನಗು ನಿಂತಿತು.

"ಆಮೇಲೆ?"

"ಆಮೇಲೆ ಒಂಬತ್ತು ಬೀಡಿ. ಒಬ್ಬಳು ಶೀತವಾದ ಹಾಗೆ ಹಾಡಿದಳು."

"ನಾಲ್ಕೂವರೆ ನಿಮಿಷ" ಎಂದು ಅವರೇ ಓದಿದರು. "ಮೂರನೆಯದು?"

"ಮೂರನೆಯದು ಐದೇ ಬೀಡಿ. ಆಮೇಲೆ ತಟ್ಟೆಯ ಮುಳ್ಳು ಸಿಕ್ಕಿಕೊಂಡು ಹಾಡು ಒಂದೇ ಕಡೆ ಸುತ್ತಿತು. ಆಗ ಇವರು ಅದನ್ನು ನಿಲ್ಲಿಸಿ ಒಂದಷ್ಟು ಹೊತ್ತು ಮಳೆಯ ವಿಷಯ ಮಾತಾಡಿದರು."

ಅಧಿಕಾರಿ ಪುಸ್ತಕವನ್ನು ಅವನ ಕಡೆ ತಿರುಗಿಸಿದರು. "ಇಲ್ಲಿ ಆರು ನಿಮಿಷ, ಪೂರ್ತಿ ಹಾಕಿದೆ ಎಂದು ಬರೆದಿದ್ದೀರಿ."

ಅವನ ಕಿವಿ ಕೆಂಪಾಯಿತು. ಆ ಹಾಡಿನ ತಟ್ಟೆ ಕಚೇರಿಯದಲ್ಲ ಎಂದು ಒಪ್ಪಿಕೊಂಡ, ಮಣಿಪಾಲದ ಹಾಸ್ಟೆಲಿನಲ್ಲಿ ಮಲೇಶಿಯಾದ ಹುಡುಗನೊಬ್ಬನಿಂದ ಕೇಳಿ ತಂದದ್ದು. ಹೊರಗಿನ ತಟ್ಟೆ, ಅದೂ ಗೀರು ಬಿದ್ದದ್ದು, ಹಾಕಬಾರದು ಎಂದು ನಿಯಮವಂತೆ. ಆ ಹೊತ್ತಿಗೆ ನೋಡಿಕೊಳ್ಳಬೇಕಾದವರು ಚಹಾಕ್ಕೆ ಹೋಗಿದ್ದರು. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡು ಅವನು ಪೂರ್ತಿ ಹಾಕಿದೆ ಎಂದು ಬರೆದಿದ್ದ.

"ಈ ಹೆಂಗಸು ಕೇಳುತ್ತಾಳೆ ಎನ್ನುವುದರಲ್ಲಿ ಇನ್ನು ಸಂಶಯ ಇಲ್ಲ" ಎಂದರು ಅಧಿಕಾರಿ. "ಕಾರ್ಡಿನ ವಿಷಯ ಬಿಟ್ಟೆ. ಕಾರ್ಯಕ್ರಮ ಇರಲಿ. ಆದರೆ ಈ ಸುಳ್ಳಿಗೆ ನೀವು ಬರವಣಿಗೆಯಲ್ಲಿ ತಪ್ಪೊಪ್ಪಿಗೆ ಕೊಡಬೇಕು. ಇನ್ನೊಮ್ಮೆ ಆದರೆ ಮಾತಿಲ್ಲ." ನನ್ನ ಕಡೆ ತಿರುಗಿ, "ಇನ್ನು ಮೇಲೆ ಅವರವರ ಪತ್ರ ಅವರವರೇ ಬರೆಯಬೇಕು" ಎಂದರು.

ಹೊರಗೆ ಬಂದ ಮೇಲೆ ಅವನು ಕೇಳಿದ, "ಆ ಮೂರನೆಯದನ್ನು ಹೇಳಲೇಬೇಕಿತ್ತಾ ಅಕ್ಕ?"

"ಅವರು ಕೇಳಿದರು. ನೀನು ಕೇಳಿಸಿದ್ದನ್ನು ನಾನು ಹೇಳಿದೆ. ನೀನು ಪುಸ್ತಕದಲ್ಲಿ ಎಂತ ಬರೆದಿದ್ದೀ ಎಂದು ನನಗೆ ಹೇಗೆ ಗೊತ್ತಾಗಬೇಕು?"

ಬಸ್ಸು ನಿಲ್ಲುವಲ್ಲಿಯವರೆಗೆ ಅವನೂ ಬಂದ. ಬಸ್ಸು ಬರುವಾಗ, "ಇಷ್ಟು ವರ್ಷ ಹಾಕಿದ್ದರಲ್ಲಿ ನಿಮಗೆ ಹಿಡಿಸಿದ್ದು ಯಾವುದು?" ಎಂದ.

"ಒಂದೂ ಇಲ್ಲ."

"ಮತ್ತೆ ಎಂತಕ್ಕೆ ಕೇಳುವುದು? ಇಪ್ಪತ್ತು ಕಾರ್ಡು ಎಂತಕ್ಕೆ?"

ಉತ್ತರ ಇತ್ತು, ಆದರೆ ಬಸ್ಸಿನವ ಕಾಯುವುದಿಲ್ಲ. ವಾರದ ಬೇರೆ ಮಧ್ಯಾಹ್ನಗಳು ಎಲ್ಲಿ ಶುರು, ಎಲ್ಲಿ ಮುಗಿಯುತ್ತವೆ ಎಂದು ಗೊತ್ತಾಗುತ್ತಿರಲಿಲ್ಲ. ಎಲೆ, ಪುಡಿ, ನೂಲು, ಮತ್ತೆ ಎಲೆ. ಶನಿವಾರದ್ದು ಮಾತ್ರ ತುಂಡು ತುಂಡಾಗಿ ಹೋಗುತ್ತಿತ್ತು. ಹಾಡು ಒಳ್ಳೆಯದೋ ಕೆಟ್ಟದೋ ನನಗೆ ಬೇಡ. ಮುಂದೆ ಎಂತ ಬರುತ್ತದೆ ಎಂದು ಗೊತ್ತಿಲ್ಲದ ಅರ್ಧ ಗಂಟೆ ನನಗೆ ಬೇರೆ ಇರಲಿಲ್ಲ. ಬಸ್ಸು ಹತ್ತಿ ಕೂತೆ.

ಪತ್ರ ಅವರವರೇ ಬರೆಯಬೇಕು ಎಂದದ್ದಕ್ಕೆ ಓರಗಿತ್ತಿ ಎರಡು ವಾರ ಕೂತು ತನ್ನ ಹೆಸರು ಕಲಿತಳು. ಬಾಯಮ್ಮ ಮಗನಿಂದ ಬರೆಸಿದಳು, ಹೇಳಿದರೆ ಕೇಳುವ ಜನ ಅಲ್ಲ. ಬ್ಯಾರಿ ಹೆಂಗಸಿಗೆ ಅರಬಿ ಅಕ್ಷರ ಬರುತ್ತಿತ್ತು, ಅದರಲ್ಲೇ ಬರೆದು ಹಾಕಿದಳು. ಅಲ್ಲಿ ಯಾರು ಓದಿದರೋ ದೇವರಿಗೇ ಗೊತ್ತು.

ಆ ಬುಧವಾರ ಕಳೆದು ಬಂದ ಶನಿವಾರ ಅವನು ರೇಡಿಯೋದಲ್ಲಿ ಬಂದ. ಸ್ವರದಲ್ಲಿ ಎಂತದೂ ಗೊತ್ತಾಗಲಿಲ್ಲ. ಮೊದಲು ಒಂದು ಡಿಸ್ಕೋ, ಆಮೇಲೆ ನಿಧಾನದ್ದೊಂದು. ಮೂರನೆಯದಕ್ಕೆ, "ಇದನ್ನು ಹಿಂದೆ ಅರ್ಧಕ್ಕೆ ನಿಲ್ಲಿಸಿದ್ದೆ. ಬೇರೆ ತಟ್ಟೆ ಸಿಕ್ಕಿತು" ಎಂದ.

ಬಾಯಮ್ಮ ಬಾಯಿ ತೆರೆದಳು. "ಸುಮ್ಮನಿರು, ಎಣಿಸಲಿಕ್ಕೆ ಉಂಟು" ಎಂದೆ.

ಹನ್ನೆರಡು ಬೀಡಿ. ಪೂರ್ತಿ ಹಾಕಿದ್ದ.