ಲೆಕ್ಕಕ್ಕೆ ಸಿಗದ ಹದಿನೇಳು ಮೀಟರ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೋಟಾರ್ ಸೈಕಲ್‌ಗಳನ್ನು ಪರೀಕ್ಷಿಸುವ ಉದ್ದನೆಯ ಡಾಂಬರು ಪಟ್ಟಿಯ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಮೊಣಕಾಲೂರಿ ಕೂತಿದ್ದಾರೆ. ಎದುರಿಗೆ ಈಗಷ್ಟೇ ನಿಂತ ಬೈಕು. ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತಿದೆ. ಮುಂದಿನ ಚಕ್ರದ ನಡುವಿನಿಂದ ದಾರ ಕಟ್ಟಿದ ತೂಗುಗುಂಡನ್ನು ಇಳಿಬಿಟ್ಟು, ಅದರ ಓಲಾಟ ನಿಲ್ಲುವುದನ್ನೇ ಅವರು ಕಾಯುತ್ತಿದ್ದಾರೆ.

"ಅಲ್ಲಾಡಬೇಡಿ."

"ಅತ್ತೆ, ಮೂಗು ತುರಿಸ್ತಿದೆ," ಹೆಲ್ಮೆಟ್ಟಿನೊಳಗಿಂದ ದನಿ.

"ತುರಿಸ್ಲಿ. ಮೂಗು ಎಲ್ಲೂ ಓಡಿಹೋಗಲ್ಲ."

ಗುಂಡು ನಿಂತಲ್ಲಿ ಸೀಮೆಸುಣ್ಣದ ಗೀಟು ಬೀಳುತ್ತದೆ. ಆಮೇಲೆ ಸವಾರ ಮೂಗು ತುರಿಸಿಕೊಳ್ಳಬಹುದು. ಸವಾರ ಅವರ ಒಬ್ಬಳೇ ಮಗಳ ಗಂಡ. ಅತ್ತೆಯ ಮುಂದೆ ಅಳಿಯ ಕದಲುವ ಹಾಗಿಲ್ಲ ಎಂಬುದು ಇಲ್ಲಿಯ ಹಳೇ ತಮಾಷೆ. ಎಲ್ಲರ ಬಾಯಲ್ಲೂ ಅವರು ಟೇಪಕ್ಕ.

ಸವಾರ ಬ್ರೇಕ್ ಹಿಡಿಯಬೇಕಾದ ಜಾಗದಲ್ಲಿಟ್ಟ ಕಿತ್ತಳೆ ಬಣ್ಣದ ಕೋನ್‌ನಿಂದ ಈ ಗೀಟಿನವರೆಗೆ ಟೇಪಕ್ಕ ಉಕ್ಕಿನ ಟೇಪು ಎಳೆಯುತ್ತಾರೆ. ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ. ಎರಡೂ ಒಂದೇ ಆದರಷ್ಟೇ ಬರೆಯುತ್ತಾರೆ. ಒಂದು ಬೆಳಗ್ಗೆಗೆ ಇಪ್ಪತ್ತು ಸಲ ಬೈಕು ನಿಂತರೆ, ಅವರ ಲೆಕ್ಕಕ್ಕೆ ಆರು ಕಿಲೋಮೀಟರ್ ನಡಿಗೆ, ಇಪ್ಪತ್ತು ಸಲ ಮೊಣಕಾಲೂರುವುದು. ಎಡಮಂಡಿ ಈಗೀಗ ಮಾತು ಕೇಳುವುದಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಅವರು ಇಲ್ಲಿಗೆ ಬಂದಿದ್ದು ಕಸ ಗುಡಿಸಲು. ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಬರುವ ಚಕ್ರಕ್ಕೆ ಕಡಲೆ ಗಾತ್ರದ ಕಲ್ಲೂ ಯಮನೇ. ಗಂಡನದು ಗಾರೆ ಕೆಲಸ. ಅವರ ಜೊತೆ ಗೋಡೆ ಅಳೆದು ಟೇಪು ಹಿಡಿಯುವುದು ಮೊದಲೇ ಗೊತ್ತಿತ್ತು. ಅಳತೆಯವನು ಕೆಲಸ ಬಿಟ್ಟ ದಿನ ಪೊರಕೆ ಕೆಳಗಿಟ್ಟು ಟೇಪು ಕೈಗೆ ತಗೊಂಡರು.

"ಸ್ಪೀಡು ಎರಡರಷ್ಟಾದ್ರೆ ನಿಲ್ಲೋ ಜಾಗ ನಾಲ್ಕರಷ್ಟು," ಎನ್ನುತ್ತಾರೆ. "ಯಾರೂ ಹೇಳ್ಕೊಡ್ಲಿಲ್ಲ. ನಡೆದೂ ನಡೆದೂ ಕಾಲಿಗೇ ಗೊತ್ತಾಯ್ತು."

ಮೂರು ತಿಂಗಳ ಹಿಂದೆ ನಿಲ್ಲುವ ದೂರ ಅಳೆಯಲು ಬೈಕಿಗೇ ಜೋಡಿಸುವ ಮಿಷಿನ್ ಬಂತು. ಅಲ್ಲಿಂದ ಟೇಪಕ್ಕನ ತಲೆ ಕೆಟ್ಟಿದೆ. ನೂರರ ವೇಗದಲ್ಲಿ ಮಿಷಿನ್ ನಲವತ್ತೊಂದು ಮೀಟರ್ ಎಂದರೆ ಟೇಪು ನಲವತ್ತೆಂಟು ಎನ್ನುತ್ತದೆ. ಇನ್ನೂರರಲ್ಲಿ ಮಿಷಿನ್ ನೂರ ಅರವತ್ತೈದು, ಟೇಪು ನೂರ ಎಪ್ಪತ್ತೊಂಬತ್ತು. ಟೇಪು ಹಳೆಯದಾಗಿ ಜಗ್ಗಿದೆ ಎಂದು ಎಲ್ಲರೂ ನಕ್ಕರು.

"ಜಗ್ಗಿದ ಟೇಪು ಕಮ್ಮಿ ತೋರ್ಸುತ್ತೆ ಕಣ್ರೋ, ಜಾಸ್ತಿ ಅಲ್ಲ!" ಎಂದು ಬೈದರು. ಬೈದರೂ ಮನಸ್ಸು ನಿಲ್ಲಲಿಲ್ಲ. ಹೊಸ ಟೇಪು ತಂದರು, ಅದೇ ಸಂಖ್ಯೆ. ಕನ್ನಡಕ ಬದಲಾಯಿಸಿದರು, ಅದೇ ಸಂಖ್ಯೆ. ಮನೆಯಲ್ಲಿ ಮಂಚ, ಬಾಗಿಲು, ಬಟ್ಟೆ ಒಣಹಾಕುವ ಹಗ್ಗ ಎಲ್ಲವನ್ನೂ ಅಳೆದರು. "ಸದ್ಯ, ನನ್ನ ಅಳೀಬೇಡ. ನಾನು ಗ್ಯಾರಂಟಿ ಕುಗ್ಗಿದ್ದೀನಿ," ಎಂದರಂತೆ ಗಂಡ.

ಇವತ್ತು ಆ ಗೊಂದಲವನ್ನು ಇನ್ನು ಮುಂದೂಡುವಂತಿಲ್ಲ. ಇವತ್ತು ಮೊದಲ ಸಲ ಬೈಕು ಇನ್ನೂರ ನಲವತ್ತರಲ್ಲಿ ಬಂದು ನಿಲ್ಲಬೇಕು. ಹೊಸದಾಗಿ ಬಂದಿರುವ ಇಂಜಿನಿಯರ್ ಮಿಷಿನ್ ಲೆಕ್ಕದಿಂದ ಇನ್ನೂರ ಮೂವತ್ತೆಂಟು ಮೀಟರ್ ಸಾಕೆಂದು ತೀರ್ಮಾನಿಸಿದ್ದಾರೆ. ಪಟ್ಟಿ ಮುಗಿದು ಜಲ್ಲಿ ಶುರುವಾಗುವ ಜಾಗಕ್ಕೆ ಇನ್ನೂರ ಐವತ್ತು ಮೀಟರ್ ಇರುವಂತೆ ಕೋನ್ ಇಡಿಸಿದ್ದಾರೆ. ಹನ್ನೆರಡು ಮೀಟರ್ ಉಳಿಯುತ್ತದೆ. ಅದು ಮಿಷಿನ್ ಪ್ರಕಾರ.

ಟೇಪಕ್ಕ ಇಂಜಿನಿಯರ್ ಬಳಿ ಹೋಗಿ ನಿಲ್ಲುತ್ತಾರೆ. "ಸಾರ್, ಮಿಷಿನ್ ಎಲ್ಲಿಂದ ಎಣಿಸುತ್ತೆ?"

"ವೇಗ ಇಳಿಯೋಕೆ ಶುರುವಾದಲ್ಲಿಂದ. ನೀವು ಕೋನ್‌ನಿಂದ ಅಳೀತೀರಿ. ಕೋನ್ ನೋಡಿ, ಕೈ ಬ್ರೇಕು ಹಿಡಿದು, ಅದು ಕಚ್ಚೋ ಹೊತ್ತಿಗೆ ಕಾಲು ಸೆಕೆಂಡ್ ಆಗುತ್ತೆ. ಅದಕ್ಕೇ ವ್ಯತ್ಯಾಸ. ಎರಡೂ ಸರಿ, ಟೇಪಕ್ಕ."

"ಎರಡೂ ಸರಿನಾ?" ಅವರಿಗೆ ಇನ್ನಷ್ಟು ಕಲಸಿಹೋಗುತ್ತದೆ. ಒಂದೇ ಗಾಡಿ, ಒಂದೇ ರಸ್ತೆ. "ನಂಗೆ ತಿಳಿಯಲ್ಲ ಸಾರ್, ತಪ್ಪು ತಿಳ್ಕೋಬೇಡಿ. ಆ ಕಾಲು ಸೆಕೆಂಡು ಗಾಡಿ ರಸ್ತೆ ಮೇಲೇ ಓಡಿರುತ್ತೆ ತಾನೆ?"

ಇಂಜಿನಿಯರ್ ಪೆನ್ನು ತೆಗೆಯುತ್ತಾರೆ. ಹಾಳೆಯ ಅಂಚಿನಲ್ಲಿ ಏನೋ ಗೀಚುತ್ತಾರೆ. ಇನ್ನೂರ ನಲವತ್ತರಲ್ಲಿ ಕಾಲು ಸೆಕೆಂಡ್ ಎಂದರೆ ಹದಿನೇಳು ಮೀಟರ್. ಉಳಿದಿರುವುದು ಹನ್ನೆರಡು.

"ಕೋನ್ ಮೂವತ್ತು ಮೀಟರ್ ಹಿಂದಕ್ಕೆ ಇಡಿ," ಎನ್ನುತ್ತಾರೆ. ದನಿ ಮೆತ್ತಗಾಗಿದೆ.

ಟೇಪಕ್ಕ ತಾವೇ ಅಳೆದು ಇಡುತ್ತಾರೆ. ದೂರದಲ್ಲಿ ಕಾಯುತ್ತಿರುವ ಅಳಿಯನಿಗೆ ಕೋನ್ ಸರಿದಿದೆ ಎಂದಷ್ಟೇ ರೇಡಿಯೋದಲ್ಲಿ ತಿಳಿಸುತ್ತಾರೆ. ಯಾಕೆಂದು ಆತ ಕೇಳುವುದಿಲ್ಲ.

ಬೈಕು ಬರುವುದು ಕಣ್ಣಿಗಿಂತ ಮೊದಲು ಪಾದಕ್ಕೆ ತಿಳಿಯುತ್ತದೆ. ಕೋನ್ ದಾಟುತ್ತದೆ. ಅದಾದ ಮೇಲೂ ಒಂದು ಗಳಿಗೆ ಅದೇ ವೇಗ, ಏನೂ ಆಗಿಯೇ ಇಲ್ಲ ಎಂಬಂತೆ. ಟೇಪಕ್ಕನಿಗೆ ಇಷ್ಟು ವರ್ಷ ಕಾಣದ್ದು ಇವತ್ತು ಕಾಣುತ್ತದೆ. ಆಮೇಲೆ ಬೈಕಿನ ಮೂತಿ ಕುಗ್ಗುತ್ತದೆ, ಹಿಂದಿನ ಚಕ್ರ ನೆಲ ಬಿಡುವ ಹಾಗೆ ಹಗುರಾಗುತ್ತದೆ, ಟೈರು ಕಿರುಚುತ್ತದೆ. ಬೈಕು ನಿಂತಾಗ ಜಲ್ಲಿ ಇನ್ನೂ ಇಪ್ಪತ್ತೈದು ಮೀಟರ್ ಆಚೆಗಿದೆ.

ತೂಗುಗುಂಡು, ಗೀಟು, ಟೇಪು. ಹೋಗುತ್ತಾ ಇನ್ನೂರ ಐವತ್ತೈದು, ಬರುತ್ತಾ ಇನ್ನೂರ ಐವತ್ತೈದು. ಮಿಷಿನ್ ಇನ್ನೂರ ಮೂವತ್ತೆಂಟು ತೋರಿಸುತ್ತಿದೆ, ಅದರದ್ದೇನೂ ತಪ್ಪಿಲ್ಲ. ಕೋನ್ ಮೊದಲಿನ ಜಾಗದಲ್ಲೇ ಇದ್ದಿದ್ದರೆ ಬೈಕು ಐದು ಮೀಟರ್ ಜಲ್ಲಿಯೊಳಗಿರುತ್ತಿತ್ತು. ಜಲ್ಲಿಗೆ ಇಳಿಯುವಾಗ ಮೂವತ್ತೈದರ ವೇಗವಿರುತ್ತಿತ್ತು, ಬ್ರೇಕು ಬಿಗಿಯಾಗಿ ಹಿಡಿದ ಕೈ ಹಾಗೇ ಇದ್ದು ಚಕ್ರ ಜಾರುತ್ತಿತ್ತು.

"ಯಾಕತ್ತೆ, ಬೆವರ್ತಿದ್ದೀರಿ?" ಹೆಲ್ಮೆಟ್ ತೆಗೆಯುತ್ತಾ ಅಳಿಯ ಕೇಳುತ್ತಾನೆ. "ಗಾಡಿ ಓಡಿಸಿದ್ದು ನಾನು."

"ಸುಮ್ನಿರಿ. ಮನೆಗೆ ಫೋನ್ ಮಾಡಿ, ಮುಗೀತು ಅಂತ ಹೇಳಿ ಅವಳಿಗೆ."

ಕಚೇರಿಯ ಫಾರಂನಲ್ಲಿ ನಿಂತ ದೂರಕ್ಕೆ ಇರುವುದು ಒಂದೇ ಖಾನೆ. ಅದರಲ್ಲಿ ಮಿಷಿನ್ ಸಂಖ್ಯೆ ಹೋಗುತ್ತದೆ, ನಿಯಮವೇ ಹಾಗೆ. ನಿಮಗೇನಾದರೂ ಆಸೆ ಇದೆಯೇ ಎಂದು ಇಂಜಿನಿಯರ್ ಕೇಳಿದರೆ ಟೇಪಕ್ಕ ಆ ಖಾನೆಯ ಬದಿಗೆ ಬೆರಳಿಡುತ್ತಾರೆ.

"ಪಕ್ಕದಲ್ಲಿ ಇನ್ನೊಂದು ಖಾನೆ ಹಾಕ್ಸಿದ್ರೆ ಸಾಕು. ಚಿಕ್ಕದಾದ್ರೂ ಪರವಾಗಿಲ್ಲ. ಎರಡೂ ಹೇಗೆ ಸರಿ ಅಂತ ನಂಗಿನ್ನೂ ಪೂರ್ತಿ ಹೊಳೆದಿಲ್ಲ," ಎನ್ನುತ್ತಾ ಟೇಪಿನ ಧೂಳನ್ನು ಸೆರಗಿನಿಂದ ಒರೆಸುತ್ತಾರೆ. "ಆದ್ರೆ ಆ ಹದಿನೇಳು ಮೀಟರ್‌ನಲ್ಲೂ ಅಳಿಯಂದ್ರು ಗಾಡಿ ಮೇಲೇ ಇದ್ರಲ್ಲ."